ಚಾಕು ಹಿಡಿಯುವವರು ಯಾರು, ಕೇಳಿದಿರಾ?

2022ರ ಮೇ 16ರಂದು ಕನ್ನಡ ಕಿರುತೆರೆಯ ನಟಿ ಚೇತನಾ ರಾಜ್ ಬೆಂಗಳೂರಿನ ಒಂದು ಖಾಸಗಿ ಕ್ಲಿನಿಕ್ಕಿಗೆ ಕೊಬ್ಬು ತೆಗೆಸಿಕೊಳ್ಳಲು ಹೋದರು. ಅಂದೇ ತೀರಿಕೊಂಡರು. ಆಗ ಆಕೆಗೆ 21 ವರ್ಷ. ಆಪರೇಷನ್ ಆದ ಮೇಲೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಟಕ್ಕೆ ತೊಂದರೆಯಾಯಿತು, ಬೇರೆ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು ಎಂದು ಪತ್ರಿಕೆಗಳು ಬರೆದವು. ಮನೆಯವರಿಗೆ ತಿಳಿಸದೆ ಹೋಗಿದ್ದರಂತೆ. ವೈದ್ಯರ ನಿರ್ಲಕ್ಷ್ಯವೇ ಕಾರಣ ಎಂದು ಹೆತ್ತವರು ಆರೋಪಿಸಿದರು.

ಆ ಎರಡು ದಿನ ಚಾನೆಲ್ಲುಗಳಿಗೆ ಹಬ್ಬ. ಇಷ್ಟು ಚೆಂದದ ಹುಡುಗಿಗೆ ಇದೆಲ್ಲ ಯಾಕೆ ಬೇಕಿತ್ತು ಎಂದು ಬುದ್ಧಿ ಹೇಳದವರೇ ಇರಲಿಲ್ಲ. ತೆಳ್ಳಗಿದ್ದವರಿಗೆ ಮಾತ್ರ ಪಾತ್ರ, ಬೆಳ್ಳಗಿದ್ದವರಿಗೆ ಮಾತ್ರ ಕ್ಯಾಮೆರಾ ಎಂದು ದಿನವೂ ತೋರಿಸುವ ಮಂದಿಯೇ ಈ ಪ್ರವಚನಕ್ಕೆ ಮುಂದೆ ನಿಂತಿದ್ದರು. ಮೂರನೆಯ ದಿನ ಅದೇ ಚಾನೆಲ್ಲಿನಲ್ಲಿ ಬೇರೆ ಸುದ್ದಿ.

ಗೆಳೆಯರೇ, ಆ ಪ್ರವಚನ ನಾವು ಮಾಡುವುದಿಲ್ಲ. ಮೂಗು ನಿಮ್ಮದು, ತಲೆ ನಿಮ್ಮದು, ದುಡಿದ ದುಡ್ಡು ನಿಮ್ಮದು. ಕೂದಲು ಉದುರಿದ ಇಪ್ಪತ್ತೈದರ ಹುಡುಗ ಹೆಣ್ಣು ನೋಡಲು ಹೋದಾಗ ಏನೇನು ಕೇಳಿಸಿಕೊಳ್ಳುತ್ತಾನೆ, ಎದೆಯ ಕೊಬ್ಬಿಗೆ ನಾಚಿ ಈಜುಕೊಳಕ್ಕೆ ಇಳಿಯದ ಹುಡುಗನ ಸಂಕಟವೇನು ಎಂಬುದು ನಮಗೆ ಗೊತ್ತು. ಬೇಕೆನಿಸಿದರೆ ಮಾಡಿಸಿಕೊಳ್ಳಿ. ನಮ್ಮ ಪ್ರಶ್ನೆ ಬೇರೆ. ಹೊಸ ಮೊಬೈಲು ಕೊಳ್ಳಲು ಹತ್ತು ಜನರನ್ನು ಕೇಳುವ, ನಾಲ್ಕು ಅಂಗಡಿ ಸುತ್ತುವ ನೀವು, ಮೈಮೇಲೆ ಚಾಕು ಇಡಿಸಿಕೊಳ್ಳುವ ಮುಂಚೆ ಯಾರನ್ನು ಕೇಳಿದಿರಿ? ಅವರಿಗೆ ನಿಮ್ಮ ‘ಹೂಂ’ನಿಂದ ಎಷ್ಟು ಲಾಭ ಎಂದು ಯೋಚಿಸಿದಿರಾ?

ಮಾಹಿತಿ ಇಂದು ಬೇಕಾದಷ್ಟಿದೆ. ಕೈಯಲ್ಲಿರುವ ಫೋನಿನಲ್ಲಿ ಹತ್ತು ಸೆಕೆಂಡಿಗೊಂದು ರೀಲು ಬರುತ್ತದೆ. ನಟ, ನಟಿ, ಹಾಸ್ಯಗಾರ, ಎಲ್ಲರೂ ಯಾವುದೋ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತು ನಗುತ್ತಾರೆ. ಆ ನಗುವಿಗೆ ಸಂಭಾವನೆ ಇದೆ, ಅಥವಾ ಚಿಕಿತ್ಸೆಯೇ ಪುಕ್ಕಟೆ ಆಗಿರುತ್ತದೆ. ದುಡ್ಡು ಪಡೆದು ಹೇಳುವವರು ಅದನ್ನು ಬಹಿರಂಗವಾಗಿ ತಿಳಿಸಲೇಬೇಕೆಂದು ಕೇಂದ್ರ ಸರ್ಕಾರದ ನಿಯಮವಿದೆ. ಆರೋಗ್ಯದ ಬಗ್ಗೆ ಮಾತಾಡುವವರಿಗೆ 2023ರ ಆಗಸ್ಟಿನಲ್ಲಿ ಇನ್ನಷ್ಟು ಬಿಗಿ ಮಾಡಿದರು. ಇನ್ನು ವೈದ್ಯರ ವಿಚಾರ. ರೋಗಿಗಳನ್ನು ಸೆಳೆಯಲು ಜಾಹೀರಾತು ಕೊಡುವುದು ಅನೈತಿಕ ಎಂದು 2002ರ ವೈದ್ಯಕೀಯ ನೀತಿಸಂಹಿತೆ ಹೇಳುತ್ತದೆ. ಸಂಹಿತೆ ಪುಸ್ತಕದಲ್ಲಿದೆ, ಜಾಹೀರಾತು ರಿಂಗ್ ರೋಡಿನಲ್ಲಿದೆ!

ಮೊದಲು ಮತ್ತು ನಂತರದ ಫೋಟೋಗಳನ್ನು ಸರಿಯಾಗಿ ನೋಡಿ. ಮೊದಲನೆಯದರಲ್ಲಿ ಮಂಕು ಬೆಳಕು, ಜೋತುಬಿದ್ದ ಮುಖ. ಎರಡನೆಯದರಲ್ಲಿ ಲೈಟು, ಮೇಕಪ್ಪು, ತಿರುಗಿಸಿದ ಕತ್ತು. ಮೂಗಿನ ಆಪರೇಷನ್ ಆದರೆ ಊತ ಪೂರ್ತಿ ಇಳಿದು ನಿಜವಾದ ಆಕಾರ ಕಾಣಲು ಹತ್ತಿರ ಹತ್ತಿರ ಒಂದು ವರ್ಷ ಬೇಕು. ಕಸಿ ಮಾಡಿದ ಕೂದಲು ಕೆಲವೇ ವಾರಗಳಲ್ಲಿ ಉದುರಿ, ಮತ್ತೆ ಬೆಳೆದು ತುಂಬಿಕೊಳ್ಳಲು ಒಂಬತ್ತು ತಿಂಗಳಿಂದ ವರ್ಷ ಹಿಡಿಯುತ್ತದೆ. ಆದ್ದರಿಂದ ಫೋಟೋ ತೋರಿಸಿದವರನ್ನು ಕೇಳಿ: ಇದು ಆಪರೇಷನ್ ಆಗಿ ಎಷ್ಟು ದಿನಕ್ಕೆ ತೆಗೆದದ್ದು? ಇದನ್ನು ಮಾಡಿದ್ದು ನೀವೇನಾ? ಸರಿಹೋಗದ ಕೇಸುಗಳ ಫೋಟೋ ಇದೆಯಾ? ಮೂರನೆಯ ಪ್ರಶ್ನೆಗೆ ಮುಖ ಗಂಟಿಕ್ಕದೆ ಉತ್ತರಿಸುವ ಡಾಕ್ಟರು ಸಿಕ್ಕರೆ ಅವರ ಮಾತಿಗೆ ಕಿವಿಗೊಡಬಹುದು.

ಕ್ಲಿನಿಕ್ಕಿನ ಮೊದಲ ಕೋಣೆಯಲ್ಲಿ ನಿಮ್ಮನ್ನು ಕೂರಿಸಿ ಮಾತಾಡುವ ಕೋಟುಧಾರಿ ಬಹಳ ಕಡೆ ಡಾಕ್ಟರೇ ಅಲ್ಲ. ಅವರ ಹೆಸರು ಕೌನ್ಸೆಲರ್. ಅವರ ಕೆಲಸ ಪ್ಯಾಕೇಜು ಮಾರುವುದು. ‘ಈ ವಾರ ಬುಕ್ ಮಾಡಿದರೆ ರಿಯಾಯಿತಿ, ಕಂತಿನಲ್ಲಿ ಕಟ್ಟಬಹುದು’ ಎನ್ನುವಲ್ಲಿಗೆ ಅದು ವೈದ್ಯಕೀಯ ಸಲಹೆ ಆಗಿ ಉಳಿಯುವುದಿಲ್ಲ. ಶಿವರಾತ್ರಿಗೊಂದು ಆಫರು, ಯುಗಾದಿಗೊಂದು ಆಫರು ಎಂದು ಸೀರೆ ಮಾರಬಹುದು. ಅರಿವಳಿಕೆ ಕೊಟ್ಟು ಮಲಗಿಸುವ ಕೆಲಸಕ್ಕೆ ಆಫರ್ ಇಡುವವರನ್ನು ಕಂಡರೆ ಎದ್ದು ಬರುವುದು ಒಳ್ಳೆಯದು.

ಈಗ ಡಿಗ್ರಿಯ ವಿಚಾರಕ್ಕೆ ಬರೋಣ. ಇಲ್ಲಿಯೇ ನಮ್ಮ ಹುಡುಗರು ಹೆಚ್ಚು ಮೋಸ ಹೋಗುವುದು. ಹೆಸರಿನ ಮುಂದೆ ಡಾಕ್ಟರ್ ಅಂತ ಇದ್ದರೆ ಸಾಕು, ಕೈಮುಗಿದು ಕೂರುತ್ತೇವೆ. ಪ್ಲಾಸ್ಟಿಕ್ ಸರ್ಜನ್ ಆಗಬೇಕಾದರೆ ಎಂ.ಬಿ.ಬಿ.ಎಸ್. ಮುಗಿಸಿ, ಸಾಮಾನ್ಯವಾಗಿ ಮೂರು ವರ್ಷ ಜನರಲ್ ಸರ್ಜರಿ ಓದಿ, ಆಮೇಲೆ ಮತ್ತೆ ಮೂರು ವರ್ಷ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಮಾಡಬೇಕು. ಅಂದರೆ ಎಂ.ಬಿ.ಬಿ.ಎಸ್. ಆದ ಮೇಲೆ ಆರು ವರ್ಷ ಕತ್ತೆ ದುಡಿತ. ‘ಕಾಸ್ಮೆಟಿಕ್ ಸರ್ಜನ್’ ಎಂಬ ಹಣೆಪಟ್ಟಿಯ ಹಿಂದೆ ಈ ಆರು ವರ್ಷ ಇರಬಹುದು, ವಾರಾಂತ್ಯದ ಒಂದು ಕೋರ್ಸೂ ಇರಬಹುದು. ಹಣೆಪಟ್ಟಿ ಒಂದೇ. ಗೋಡೆಯ ಮೇಲೆ ತೂಗುಹಾಕಿದ ಹತ್ತಾರು ವಿದೇಶಿ ಫೆಲೋಶಿಪ್ ಸರ್ಟಿಫಿಕೇಟುಗಳನ್ನು ಬಿಟ್ಟು ಆ ಮೂರು ನಾಲ್ಕು ಅಕ್ಷರಗಳನ್ನು ಹುಡುಕಿ. ಡಾಕ್ಟರು ತಮ್ಮ ನೋಂದಣಿ ಸಂಖ್ಯೆಯನ್ನು ಕ್ಲಿನಿಕ್ಕಿನಲ್ಲಿ, ಚೀಟಿಯಲ್ಲಿ, ರಸೀದಿಯಲ್ಲಿ ತೋರಿಸಲೇಬೇಕು. ಆ ಸಂಖ್ಯೆ ಬರೆದುಕೊಂಡು ಬಂದು ಕರ್ನಾಟಕ ಮೆಡಿಕಲ್ ಕೌನ್ಸಿಲ್ಲಿನ ದಾಖಲೆಯಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗದ ರಿಜಿಸ್ಟರಿನಲ್ಲಿ ಹುಡುಕಿ ನೋಡಿ. ಐದು ನಿಮಿಷದ ಕೆಲಸ. ಕಾಸು ಖರ್ಚಿಲ್ಲ.

ಇದೇನು ಮಹಾ, ಕೂದಲು ನೆಡುವುದಕ್ಕೆ ಇಷ್ಟೆಲ್ಲ ಬೇಕೇ ಎನ್ನಬೇಡಿ. 2016ರಲ್ಲಿ ಚೆನ್ನೈನಲ್ಲಿ ಕೂದಲು ಕಸಿ ಮಾಡಿಸಿಕೊಳ್ಳಲು ಹೋದ 22ರ ಯುವಕನೊಬ್ಬ ಸತ್ತ. ಆತ ಬೇರೆ ಯಾರೂ ಅಲ್ಲ, ಮೆಡಿಕಲ್ ಕಾಲೇಜಿನ ವಿದ್ಯಾರ್ಥಿ! ನಾಳೆ ಡಾಕ್ಟರಾಗುವವನಿಗೇ ಜಾಗ ಯಾವುದು, ಜನ ಯಾರು ಎಂದು ತಿಳಿಯಲಿಲ್ಲ ಎಂದರೆ ಉಳಿದವರ ಪಾಡೇನು? 2025ರಲ್ಲಿ ಉತ್ತರ ಪ್ರದೇಶದ ಕಾನ್ಪುರದಿಂದ ಇಂಥದೇ ಸುದ್ದಿ ಬಂತು. ಇಬ್ಬರು ಎಂಜಿನಿಯರುಗಳು ಕೂದಲು ಕಸಿಯ ನಂತರ ತೀರಿಕೊಂಡರು. ಮಾಡಿದ್ದು ಹಲ್ಲಿನ ವೈದ್ಯೆ ಎಂಬ ಆರೋಪದ ಮೇಲೆ ಪೊಲೀಸ್ ಕೇಸಾಯಿತು. ಈ ಎರಡು ಘಟನೆಗಳ ನಡುವೆ, 2022ರ ಸೆಪ್ಟೆಂಬರಿನಲ್ಲಿ, ರಾಷ್ಟ್ರೀಯ ವೈದ್ಯಕೀಯ ಆಯೋಗ ಕೂದಲು ಕಸಿಯ ಬಗ್ಗೆ ಮಾರ್ಗಸೂಚಿ ಹೊರಡಿಸಿತ್ತು. ಸರಿಯಾದ ಶಸ್ತ್ರಚಿಕಿತ್ಸಾ ತರಬೇತಿ ಇರುವ ವೈದ್ಯರೇ ಇದನ್ನು ಮಾಡಬೇಕು, ಕಾರ್ಯಾಗಾರದಲ್ಲಿ ಕೂತು ನೋಡಿದ್ದು, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಎನಿಸಿಕೊಳ್ಳುವುದಿಲ್ಲ ಎಂದು ಅದರಲ್ಲಿ ಹೇಳಿದೆ. ಒಂದು ದೇಶದ ವೈದ್ಯಕೀಯ ಆಯೋಗ ಹೀಗೆ ಬರೆಯಬೇಕಾಯಿತು ಎಂದರೆ ಬೀದಿಯಲ್ಲಿ ಏನು ನಡೆಯುತ್ತಿತ್ತು, ನೀವೇ ಊಹಿಸಿ.

ಡಾಕ್ಟರಷ್ಟೇ ಅಲ್ಲ, ಜಾಗವೂ ಮುಖ್ಯ. ಕರ್ನಾಟಕದಲ್ಲಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳೆಲ್ಲ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿರಬೇಕು. ನೋಂದಣಿ ಸಂಖ್ಯೆ ಬಾಗಿಲಲ್ಲೇ ಕಾಣಬೇಕು. ಅಲೋಪತಿಗೆ ನೀಲಿ, ಆಯುರ್ವೇದಕ್ಕೆ ಹಸಿರು ಬೋರ್ಡು ಹಾಕಬೇಕೆಂದು 2024ರಲ್ಲಿ ಆರೋಗ್ಯ ಇಲಾಖೆ ಆದೇಶಿಸಿತು. ಆದರೆ ಸಂಖ್ಯೆ ಇದ್ದರಷ್ಟೇ ಸಾಲದು. ಯಾವುದಕ್ಕೆ ನೋಂದಣಿ? ಬರೀ ಹೊರರೋಗಿಗಳನ್ನು ನೋಡುವ ಕ್ಲಿನಿಕ್ಕಿಗೋ, ಆಪರೇಷನ್ ಮಾಡುವ ಆಸ್ಪತ್ರೆಗೋ? ಸರ್ಟಿಫಿಕೇಟು ತೋರಿಸಿ ಎನ್ನಿ. ಅರಿವಳಿಕೆ ಕೊಡುವವರು ಯಾರು, ಅವರು ಕೊನೆಯವರೆಗೆ ಕೋಣೆಯಲ್ಲಿ ಇರುತ್ತಾರಾ, ಇಂಜೆಕ್ಷನ್ ಕೊಟ್ಟು ಮುಂದಿನ ಕ್ಲಿನಿಕ್ಕಿಗೆ ಓಡುತ್ತಾರಾ? ಉಸಿರು ನಿಂತರೆ ಇಲ್ಲಿ ವೆಂಟಿಲೇಟರ್ ಇದೆಯಾ, ತುರ್ತು ನಿಗಾ ಘಟಕ ಇದೆಯಾ? ಇಲ್ಲದಿದ್ದರೆ ಯಾವ ಆಸ್ಪತ್ರೆಗೆ ಸಾಗಿಸುತ್ತೀರಿ? ಸಂಜೆ ಆರು ಗಂಟೆಗೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಅಲ್ಲಿಗೆ ಎಷ್ಟು ನಿಮಿಷ? ಕೊನೆಯ ಪ್ರಶ್ನೆ ತಮಾಷೆಯಲ್ಲ.

ಏಕೆಂದರೆ ಕೊಬ್ಬು ತೆಗೆಯುವುದು ಮುಖಕ್ಕೆ ಬ್ಲೀಚ್ ಮಾಡಿದಂತಲ್ಲ. ಉಪ್ಪುನೀರು, ಮರಗಟ್ಟಿಸುವ ಔಷಧ, ರಕ್ತನಾಳ ಕುಗ್ಗಿಸುವ ಔಷಧ ಇವನ್ನು ಲೀಟರುಗಟ್ಟಲೆ ಚರ್ಮದಡಿಗೆ ಬಿಟ್ಟು, ಕೊಳವೆ ತೂರಿಸಿ ಕೊಬ್ಬನ್ನು ಹೀರಿ ತೆಗೆಯುತ್ತಾರೆ. ಮೈಗೆ ಹೋದ ನೀರು, ಹೊರಬಂದ ನೀರಿನ ಲೆಕ್ಕ ತಪ್ಪಿದರೆ ಶ್ವಾಸಕೋಶಕ್ಕೆ ನೀರು. ಔಷಧ ಹೆಚ್ಚಾದರೆ ಹೃದಯಕ್ಕೆ ಪೆಟ್ಟು. ಕೊಬ್ಬಿನ ಕಣವೋ ಕಾಲಿನ ರಕ್ತದ ಹೆಪ್ಪೋ ಹರಿದು ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳಬಹುದು. ಒಂದೇ ಸಲ 5 ಲೀಟರಿಗಿಂತ ಹೆಚ್ಚು ತೆಗೆದರೆ ಅದನ್ನು ದೊಡ್ಡ ಪ್ರಮಾಣ ಎಂದೇ ಪರಿಗಣಿಸುತ್ತಾರೆ, ಅಂಥವರನ್ನು ರಾತ್ರಿ ಆಸ್ಪತ್ರೆಯಲ್ಲೇ ಇಟ್ಟು ನೋಡಿಕೊಳ್ಳಬೇಕು. ಒಳ್ಳೆಯ ಕೈಯಲ್ಲಿ, ಒಳ್ಳೆಯ ಜಾಗದಲ್ಲಿ ಇದು ಬಹುಪಾಲು ಜನರಿಗೆ ಸುಸೂತ್ರವಾಗಿ ಮುಗಿಯುತ್ತದೆ, ನಿಜ. ಆದರೆ ಇದು ತೂಕ ಇಳಿಸುವ ಚಿಕಿತ್ಸೆಯೇ ಅಲ್ಲ, ಒಂದು ಕಡೆ ಗಟ್ಟಿಯಾಗಿ ಕೂತ ಕೊಬ್ಬನ್ನು ತಿದ್ದುವ ಚಿಕಿತ್ಸೆ. ಹತ್ತು ಕಿಲೋ ಇಳಿಸಿಕೊಡುತ್ತೇವೆ ಎಂದವರು ನಿಮಗೆ ಮೊದಲ ಸುಳ್ಳು ಹೇಳಿದಂತಾಯಿತು. ಹಾಗೆಯೇ ಹದಿಹರೆಯದ ಹುಡುಗರ ಎದೆ ಉಬ್ಬುವುದು ಎಷ್ಟೋ ಸಲ ಒಂದೆರಡು ವರ್ಷಗಳಲ್ಲಿ ತಾನೇ ಇಳಿಯುತ್ತದೆ. ಜಿಮ್ಮಿನಲ್ಲಿ ಚುಚ್ಚಿಸಿಕೊಂಡ ಸ್ಟೀರಾಯ್ಡಿನಿಂದಲೂ ಅದು ಬರುತ್ತದೆ. ಇದನ್ನು ಕೇಳಿ ತಿಳಿಯದೆ ಹದಿನೇಳರ ಹುಡುಗನನ್ನು ಟೇಬಲ್ಲಿನ ಮೇಲೆ ಮಲಗಿಸುವವರನ್ನು ಏನೆಂದು ಕರೆಯೋಣ?

ನಂಬಬಹುದಾದ ಮಾಹಿತಿ ಎಲ್ಲಿದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ಹೊಟ್ಟೆಯ ಕೊಬ್ಬು ತೆಗೆದು ಪೃಷ್ಠಕ್ಕೆ ತುಂಬುವ ಆಪರೇಷನ್ ಕೆಲವು ವರ್ಷಗಳ ಹಿಂದೆ ಜಗತ್ತಿನಾದ್ಯಂತ ಹುಚ್ಚಾಯಿತು. ರೀಲುಗಳಲ್ಲಿ ಬರೀ ನಗು, ನೃತ್ಯ. ಅದೇ ಹೊತ್ತಿಗೆ, 2017ರಲ್ಲಿ, ಪ್ಲಾಸ್ಟಿಕ್ ಸರ್ಜನ್ನರದೇ ಒಂದು ಸಮಿತಿ ಲೆಕ್ಕ ಹಾಕಿ ಇದರಲ್ಲಿ ಸುಮಾರು 3,000ಕ್ಕೆ ಒಬ್ಬರು ಸಾಯುತ್ತಿರಬಹುದು ಎಂದು ಎಚ್ಚರಿಸಿತು. ಮರುವರ್ಷ ಬ್ರಿಟನ್ನಿನ ಸರ್ಜನ್ನರ ಸಂಘ ಇದನ್ನು ನಿಲ್ಲಿಸಿ ಎಂದು ತನ್ನ ಸದಸ್ಯರಿಗೇ ಹೇಳಿತು. 2022ರಲ್ಲಿ, ಅಲ್ಟ್ರಾಸೌಂಡ್ ನೋಡಿಕೊಂಡು ಸ್ನಾಯುವಿನ ಮೇಲಿನ ಪದರಕ್ಕೆ ಮಾತ್ರ ಕೊಬ್ಬು ತುಂಬಬಹುದು ಎಂದು ಸಲಹೆ ಬದಲಿಸಿತು. ಅಂದರೆ ಸತ್ಯ ಗುಟ್ಟಾಗಿ ಇರಲಿಲ್ಲ, ವೃತ್ತಿಪರರ ಸಂಘಗಳ ಪ್ರಕಟಣೆಯಲ್ಲೇ ಇತ್ತು. ಮಾರುವವರಿಗೆ ಅದನ್ನು ನಿಮಗೆ ಹೇಳುವ ಉಮೇದು ಇರಲಿಲ್ಲ, ಅಷ್ಟೆ. ಹಾಗಂತ ಮೊಹರು ಬಿದ್ದ ಕಾಗದವನ್ನೆಲ್ಲ ಕಣ್ಣುಮುಚ್ಚಿ ನಂಬಿ ಎಂದೂ ನಾವು ಹೇಳುತ್ತಿಲ್ಲ. ಫ್ರಾನ್ಸಿನ ಪಿಐಪಿ ಕಂಪನಿ ಸ್ತನಕ್ಕೆ ಇಡುವ ಚೀಲಗಳಿಗೆ ಕಾರ್ಖಾನೆಗಳಲ್ಲಿ ಬಳಸುವ ಅಗ್ಗದ ಸಿಲಿಕೋನ್ ತುಂಬಿ ಮಾರಿತ್ತು. 2010ರಲ್ಲಿ ಸಿಕ್ಕಿಬೀಳುವ ಹೊತ್ತಿಗೆ ಜಗತ್ತಿನ ಸುಮಾರು 3 ಲಕ್ಷ ಹೆಂಗಸರ ಎದೆಯೊಳಗೆ ಆ ಮಾಲು ಸೇರಿತ್ತು. ಅದಕ್ಕೂ ಗುಣಮಟ್ಟದ ಪ್ರಮಾಣಪತ್ರ ಇತ್ತು! ಮೈಯೊಳಗೆ ಇಡುವ ವಸ್ತು ಯಾವ ಕಂಪನಿಯದು, ಅದರ ಬ್ಯಾಚ್ ಸಂಖ್ಯೆ ಏನು ಎಂದು ಬರೆಸಿಕೊಳ್ಳಿ ಎನ್ನುವುದು ಇದಕ್ಕೇ. ನಾಳೆ ಕಂಪನಿ ಮಾಲು ವಾಪಸ್ ಕರೆದರೆ ನಿಮ್ಮೊಳಗಿರುವುದು ಅದೇನಾ ಎಂದು ತಿಳಿಯಬೇಕಲ್ಲ.

ಇನ್ನು ನಮ್ಮ ಪತ್ರಿಕೆ ಬಿಡಲಾಗದ ವಿಷಯ. ಆಪರೇಷನ್ನಿಗೆ ಮುಂಚೆ ನಿಮ್ಮ ಕೈಗೆ ಒಂದು ಫಾರಂ ಕೊಡುತ್ತಾರೆ. ನಾವು ನೋಡಿದ ಫಾರಮ್ಮುಗಳು ಆರೇಳು ಪುಟ, ಇರುವೆಯಂಥ ಅಕ್ಷರ, ಎಲ್ಲ ಇಂಗ್ಲಿಷಿನಲ್ಲಿ. ಅದೂ ಯಾವಾಗ ಕೊಡುತ್ತಾರೆ? ಹಸಿರು ಗೌನು ತೊಡಿಸಿ, ಬೆಳಗಿನಿಂದ ಉಪವಾಸ ಇರಿಸಿ, ದುಡ್ಡು ಕಟ್ಟಿಸಿಕೊಂಡಾದ ಮೇಲೆ. ‘ಇಲ್ಲೊಂದು, ಇಲ್ಲೊಂದು ಸೈನ್ ಮಾಡಿ.’ ಇದಕ್ಕೆ ಒಪ್ಪಿಗೆ ಎಂದು ಹೆಸರು. ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು 2023ರ ಡಿಸೆಂಬರಿನಲ್ಲಿ ಬೀದಿಗಿಳಿದೆವು, 2024ರಲ್ಲಿ ಕಾನೂನು ಬಂತು. ಬೋರ್ಡಿನ ಮೇಲೆ ಕನ್ನಡ ಏರಿತು. ಜೀವ ಹೋಗಬಹುದು ಎಂದು ಬರೆದಿರುವ ಕಾಗದದಲ್ಲಿ ಕನ್ನಡ ಸೊನ್ನೆ! ನೀವು ಎಂಜಿನಿಯರಿಂಗ್ ಓದಿರಬಹುದು, ಆಫೀಸಿನಲ್ಲಿ ಇಂಗ್ಲಿಷು ಅರಳು ಹುರಿದಂತೆ ಮಾತಾಡುತ್ತಿರಬಹುದು. ಆದರೂ ‘ಪಲ್ಮನರಿ ಎಂಬಾಲಿಸಂ’ ಎಂದು ಓದಿದಾಗ ಆಗದ ಗಾಬರಿ ‘ಶ್ವಾಸಕೋಶದ ರಕ್ತನಾಳ ಕಟ್ಟಿಕೊಂಡು ಸಾಯಬಹುದು’ ಎಂದು ಓದಿದಾಗ ಆಗುತ್ತದೆ. ಅದು ಆಗಲೇಬೇಕಾದ ಗಾಬರಿ.

ಇದು ನಮ್ಮ ಹಟವೂ ಅಲ್ಲ, ಭಿಕ್ಷೆಯೂ ಅಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲಿ, ರೋಗಿಗೆ ತಿಳಿಯುವ ಭಾಷೆಯಲ್ಲಿ, ಆತನಿಗೆ ಅರ್ಥವಾಗುವ ಮಟ್ಟದಲ್ಲಿ ವಿವರಿಸಬೇಕು ಎಂದಿದೆ. ಒಪ್ಪಿಗೆ ಎಂದರೇನು ಎಂದು ಸುಪ್ರೀಂ ಕೋರ್ಟು 2008ರ ಜನವರಿಯಲ್ಲಿ ಬಿಡಿಸಿ ಹೇಳಿದೆ. ದೆಹಲಿಯಲ್ಲಿ ಒಬ್ಬ ಹೆಂಗಸು ಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಿದ್ದರು. ಅರಿವಳಿಕೆಯಲ್ಲಿ ಮಲಗಿದ್ದಾಗ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆದರು. ಇದು ಒಪ್ಪಿಗೆ ಅಲ್ಲ ಎಂದಿತು ಕೋರ್ಟು. ಚಿಕಿತ್ಸೆಯ ರೀತಿ, ಉದ್ದೇಶ, ಪ್ರಯೋಜನ, ಬೇರೆ ದಾರಿಗಳು, ಅಪಾಯ ಇವನ್ನೆಲ್ಲ ತಿಳಿಸಿದ ಮೇಲೆ ರೋಗಿ ತಾನೇ ಕೊಟ್ಟದ್ದು ಒಪ್ಪಿಗೆ. ವಯಸ್ಸಿಗೆ ಬಂದ, ಎಚ್ಚರವಿರುವ ಮನುಷ್ಯನ ಪರವಾಗಿ ಅಪ್ಪ ಅಮ್ಮನೂ ಸಹಿ ಹಾಕುವಂತಿಲ್ಲ, ಜೊತೆಗೆ ಬಂದ ಗೆಳತಿಯೂ ಹಾಕುವಂತಿಲ್ಲ. ಆದರೆ ಸಹಿ ನಿಮ್ಮದೇ ಎಂದ ಮಾತ್ರಕ್ಕೆ ಮನೆಯಲ್ಲಿ ಯಾರಿಗೂ ಹೇಳದೆ ಹೋಗಬೇಡಿ. ಬೈದರೆ ಬೈಯಲಿ. ಏನಾದರೂ ಆದರೆ ಬಾಗಿಲ ಹೊರಗೆ ಕೂತು ಡಾಕ್ಟರನ್ನು ಪ್ರಶ್ನೆ ಕೇಳಲು ಒಬ್ಬರಾದರೂ ಬೇಕು.

ಕನ್ನಡದಲ್ಲಿ ಇದನ್ನೆಲ್ಲ ಬರೆಯಲು ಪದಗಳೇ ಇಲ್ಲ ಎಂದು ರಾಗ ಎಳೆಯುವ ಡಾಕ್ಟರುಗಳಿಗೆ ಒಂದು ಮಾತು. ಡಾ. ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ಯನ್ನು, ‘ತಾಯಿ-ಮಗು’ವನ್ನು ಕನ್ನಡದಲ್ಲೇ ಬರೆದರು. ಹೆಂಗಸರು ಬಾಯಿಬಿಟ್ಟು ಕೇಳಲು ನಾಚುತ್ತಿದ್ದ ವಿಷಯಗಳನ್ನು ಮನೆ ಮನೆಗೆ ಮುಟ್ಟಿಸಿದರು. ನಿಮ್ಹಾನ್ಸಿನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ನೂರಾರು ಪುಸ್ತಕ ಬರೆದರು. ಅವರಿಗೆ ಸಿಕ್ಕ ಪದಗಳು ನಿಮಗೆ ಸಿಗುವುದಿಲ್ಲವೇ? ಜಾಹೀರಾತಿಗೆ ಕನ್ನಡ ಬರುತ್ತದೆ, ಎಚ್ಚರಿಕೆಗೆ ಬರುವುದಿಲ್ಲ!

ದುಡ್ಡಿನ ಸಂಗತಿ ಉಳಿಯಿತು. ಪ್ಲಾಸ್ಟಿಕ್ ಸರ್ಜರಿಯ ಚರಿತ್ರೆಯಲ್ಲಿ ನಮ್ಮ ಮೈಸೂರು ಯುದ್ಧಕ್ಕೂ ಒಂದು ಪುಟವಿದೆ. 1792ರ ಯುದ್ಧದಲ್ಲಿ ಇಂಗ್ಲಿಷರ ಕಡೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ ಮೂಗು ಕಳೆದುಕೊಂಡ. ಪುಣೆಯ ಕಡೆ ಇಟ್ಟಿಗೆ ಮಾಡುವ ಜನದ ಒಬ್ಬ ಅವನ ಹಣೆಯ ಚರ್ಮದಿಂದ ಹೊಸ ಮೂಗು ಮಾಡಿಕೊಟ್ಟ. 1794ರಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಅದು ಅಚ್ಚಾದ ಮೇಲೆಯೇ ಯೂರೋಪಿನ ಸರ್ಜನ್ನರು ಈ ವಿದ್ಯೆಯನ್ನು ಕಲಿಯತೊಡಗಿದರು. ಹೋದ ಮೂಗನ್ನು ಮರಳಿ ಕಟ್ಟುವುದಕ್ಕೂ ಇರುವ ಮೂಗನ್ನು ತಿದ್ದುವುದಕ್ಕೂ ಇಂದಿನ ಸರ್ಕಾರ ಕೂಡ ಭೇದ ಮಾಡುತ್ತದೆ. ಅಪಘಾತ, ಹುಟ್ಟಿನಿಂದ ಬಂದ ಊನ ಇತ್ಯಾದಿಗಳಿಗೆ ಮಾಡುವ ಸರ್ಜರಿಗೆ ಜಿಎಸ್‌ಟಿ ಇಲ್ಲ, ಅಂದಕ್ಕೆ ಮಾಡುವುದಕ್ಕೂ ಕೂದಲು ಕಸಿಗೂ ಇದೆ. ಆರೋಗ್ಯ ವಿಮೆಯವರು ಅಂದದ ಸರ್ಜರಿಗೆ ಸಾಮಾನ್ಯವಾಗಿ ಕಾಸು ಕೊಡುವುದಿಲ್ಲ. ‘ನಗದು ಕೊಟ್ಟರೆ ತೆರಿಗೆ ಉಳಿಯುತ್ತದೆ, ಬಿಲ್ಲು ಬೇಡ ಬಿಡಿ’ ಎನ್ನುವವರ ಬಲೆಗೆ ಬೀಳಬೇಡಿ. ಆ ಬಿಲ್ಲೇ ನಿಮ್ಮ ಸಾಕ್ಷಿ. ವೈದ್ಯರ ಸೇವೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪು ಕೊಟ್ಟಿದೆ. ಎರಡು ವರ್ಷದೊಳಗೆ ಗ್ರಾಹಕರ ಆಯೋಗಕ್ಕೆ ಹೋಗಬೇಕು, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಅರ್ಜಿ ಶುಲ್ಕವೂ ಇಲ್ಲ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಸರಿಹೋಗದೆ ಎರಡನೇ ಸಲ ಮಾಡಬೇಕಾದರೆ ಖರ್ಚು ಯಾರದು ಎಂಬುದನ್ನು ಮಾತ್ರ ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳಿ. ಆಮೇಲೆ ಕೇಳಿದರೆ ರಿಸೆಪ್ಷನ್ನಿನ ಹುಡುಗಿಯ ನಗುವೂ ಸಿಗುವುದಿಲ್ಲ.

ಎರಡನೇ ಅಭಿಪ್ರಾಯಕ್ಕೆ ಸಾವಿರಾರು ರೂಪಾಯಿ ಚೆಲ್ಲಬೇಕಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗವಿದೆ. ಕ್ಯೂ ಉದ್ದ, ಬೆಂಚು ಮುರುಕು. ಆದರೆ ಅಲ್ಲಿ ಕೂತ ಸರ್ಜನ್ನಿಗೆ ನಿಮಗೆ ಪ್ಯಾಕೇಜು ಮಾರಬೇಕಾದ ದರ್ದಿಲ್ಲ. ‘ನಿಮಗೆ ಇದು ಬೇಡ’ ಎಂಬ ಮಾತು ಬಂದರೂ ಬರಬಹುದು. ಕನ್ನಡಿಯಲ್ಲಿ ದಿನಕ್ಕೆ ಐವತ್ತು ಸಲ ಅದೇ ಮೂಗನ್ನು ನೋಡಿ ಕೊರಗುವುದು ಮನಸ್ಸಿನ ಕಾಯಿಲೆಯೂ ಆಗಿರಬಹುದು. ಅದು ಚಾಕುವಿನಿಂದ ವಾಸಿಯಾಗುವುದಿಲ್ಲ, ಅಂಥವರನ್ನು ಒಳ್ಳೆಯ ಸರ್ಜನ್ನು ಮನೋವೈದ್ಯರ ಬಳಿ ಕಳಿಸುತ್ತಾರೆ.

ಈ ವಾರ ಒಂದು ಕೆಲಸ ಮಾಡಿ. ನೀವಿರುವ ಬಡಾವಣೆಯ ಕಾಸ್ಮೆಟಿಕ್ ಕ್ಲಿನಿಕ್ಕಿಗೆ ಹೋಗಿ, ಒಪ್ಪಿಗೆ ಫಾರಮ್ಮಿನ ಖಾಲಿ ಪ್ರತಿಯನ್ನು ಕನ್ನಡದಲ್ಲಿ ಕೊಡಿ, ಮನೆಗೆ ಒಯ್ದು ಓದುತ್ತೇವೆ ಎಂದು ಕೇಳಿ. ಜಗಳ ಬೇಡ, ಗಲಾಟೆ ಬೇಡ, ಮರ್ಯಾದೆಯಿಂದ ಕೇಳಿ. ಕೊಟ್ಟರೆ ಒಂದು ನೆರಳಚ್ಚು ಪ್ರತಿ ನಮಗೆ ಕಳಿಸಿ, ಕೊಟ್ಟವರ ಹೆಸರನ್ನು ಸಂತೋಷದಿಂದ ಅಚ್ಚು ಹಾಕುತ್ತೇವೆ. ಕೊಡಲಿಲ್ಲವೆಂದರೆ ಏನೆಂದು ಹೇಳಿ ಕಳಿಸಿದರು ಎಂಬುದನ್ನು ನಾಲ್ಕು ಸಾಲು ಬರೆಯಿರಿ. ಬಂದ ಕಾಗದಗಳನ್ನೆಲ್ಲ ಒಟ್ಟುಮಾಡಿ ಆರೋಗ್ಯ ಇಲಾಖೆಯ ಮೇಜಿನ ಮೇಲೆ ಇಡುತ್ತೇವೆ.